ಗೇಟಿನ ಕಂಬಕ್ಕೆ ಒಂದು ಗುಂಡುಸೂಜಿ

ನಮ್ಮಕ್ಕ ಮರ್ಸಿ ಸತ್ತದ್ದು ಮಂಗಳವಾರ ಬೆಳಿಗ್ಗೆ. ಗಿರಣಿಯ ಗಂಟೆ ಹೊಡೆಯಿತು. ಹದಿನೇಳು ವರ್ಷದ ಅಭ್ಯಾಸ. ಮಂಚದಿಂದ ಕಾಲು ಕೆಳಗಿಟ್ಟು ಮೆಟ್ಟು ಹುಡುಕಿದಳು. ಕೆಲಸ ಬಿಟ್ಟು ಮೂರು ತಿಂಗಳಾಗಿತ್ತು, ಕಾಲಿಗೆ ಅದು ಗೊತ್ತಿರಲಿಲ್ಲ. ಕೆಮ್ಮು ಬಂತು. ಕೆಮ್ಮುತ್ತಲೇ ನನ್ನ ತೋಳಿನ ಮೇಲೆ ಬಿದ್ದಳು. ಮತ್ತೆ ಏಳಲಿಲ್ಲ.

ಹೆಣ ತೊಳೆದವಳು ನಾನು. ಕೂದಲಿನ ಬುಡದಲ್ಲಿ, ಕಿವಿಯ ಹಿಂದಿನ ಮಡಿಕೆಯಲ್ಲಿ ಇನ್ನೂ ಹತ್ತಿಯ ಎಳೆ ಇತ್ತು. ಹತ್ತಿ ಹಿಂಜುವ ಕೋಣೆಯಲ್ಲಿ ದುಡಿದವರ ಮೈಯನ್ನು ಅದು ಬಿಡುವುದಿಲ್ಲ. ಮೈಮೇಲೇ ಅಷ್ಟು. ಎದೆಯೊಳಗೆ ಎಷ್ಟಿತ್ತೋ.

ಸಾಯುವುದಕ್ಕೆ ಎರಡು ದಿನ ಮೊದಲು ಒಂದು ಮಾತು ಹೇಳಿದ್ದಳು. “ಹೆಪ್ಸಿ, ಅವ್ವ ಹೋದ ದಾರೀಲೇ ನನ್ನ ತಗೊಂಡ್ಹೋಗು. ಸುತ್ತುದಾರಿ ಬ್ಯಾಡ. ಕಲ್ಲಿದ್ದಲು ಗಾಡೀಲಿ ಹಾಕ್ಕೊಂಡು ಹೋಗ್ಬ್ಯಾಡ.”

ಹೂಂ ಅಂದೆ. ಸಾಯುವವರಿಗೆ ಇನ್ನೇನು ಹೇಳುವುದು?

ಅವ್ವ ಹೋದ ದಾರಿ ಎಂದರೆ ನಮ್ಮ ಬೆಟ್ಟದ ಸಾಲಿನಿಂದ ಇಳಿದು, ಬುಗ್ಗೆಯ ತೊಟ್ಟಿ ದಾಟಿ, ಉದ್ದನೆಯ ಹುಲ್ಲುಗಾವಲಿನ ನಡುವೆ ಹಾದು, ಹಳ್ಳದಾಚೆಯ ಚರ್ಚಿಗೆ ಹೋಗುವ ಕಾಲುದಾರಿ. ಅರ್ಧ ಮೈಲಿ. ನಮ್ಮ ಕಡೆಯವರೆಲ್ಲ ಆ ದಾರಿಯಲ್ಲೇ ದೀಕ್ಷಾಸ್ನಾನಕ್ಕೆ ಹೋದವರು, ಮದುವೆಗೆ ಹೋದವರು, ಕೊನೆಗೆ ಮಣ್ಣಿಗೆ ಹೋದವರು. ಹುಲ್ಲುಗಾವಲಿನ ಮಧ್ಯೆ ಒಂದು ಚಪ್ಪಟೆ ಕಲ್ಲಿತ್ತು, ಇಳಿಸುಗಲ್ಲು. ಹೆಣ ಹೊತ್ತವರು ಅಲ್ಲಿ ಮಾತ್ರ ಪೆಟ್ಟಿಗೆ ಇಳಿಸಿ ಭುಜ ಬದಲಿಸಬೇಕು. ಬೇರೆಲ್ಲೂ ನೆಲಕ್ಕೆ ತಾಗಿಸುವಂತಿಲ್ಲ.

ಈಗ ಆ ಹುಲ್ಲುಗಾವಲು ಇಲ್ಲ. ಅಲ್ಲಿ ಆಂಬ್ರೋಸ್ ಲೊಮಾಕ್ಸನ ಗಿರಣಿ ಇದೆ.

ನಾನು ಹುಟ್ಟಿದಾಗ ನಮ್ಮೂರು ಬ್ರೆಕ್‌ಶಾದಲ್ಲಿ ಮೂವತ್ತೆಂಟು ಒಲೆ ಉರಿಯುತ್ತಿದ್ದವು ಎಂದು ಅಪ್ಪ ಹೇಳುತ್ತಿದ್ದ. ಮನೆಮನೆಯಲ್ಲೂ ಕೈಮಗ್ಗ. ಹಳ್ಳದ ನೀರು ನೋಡಿ ಮೊದಲ ಗಿರಣಿ ಬಂತು. ಆಮೇಲೆ ಉಗಿಯಂತ್ರ. ಆಮೇಲೆ ರೈಲು. ಓಟ್ಸ್ ಬೆಳೆಯುತ್ತಿದ್ದ ಹೊಲಗಳಲ್ಲಿ ಇಟ್ಟಿಗೆಯ ಮನೆಗಳು ಬೆನ್ನಿಗೆ ಬೆನ್ನು ಹಚ್ಚಿಕೊಂಡು ಎದ್ದವು. ಐರ್ಲೆಂಡಿನಿಂದ ಬಂದರು, ಬಡಗಣ ಬೆಟ್ಟಗಳಿಂದ ಬಂದರು. ಒಂದು ಬಚ್ಚಲಿಗೆ ಹದಿನಾಲ್ಕು ಮನೆ. ಹಳ್ಳ ಸೋಮವಾರ ನೀಲಿ ಹರಿಯಿತು, ಬುಧವಾರ ಕೆಂಪು ಹರಿಯಿತು. ಮೀನು ಸತ್ತವು. ಅಪ್ಪ ಮಗ್ಗ ಒಡೆದು ಸೌದೆ ಮಾಡಿದ, ನಾವಿಬ್ಬರು ಹೆಣ್ಣುಮಕ್ಕಳು ಗಿರಣಿಗೆ ಹೋದೆವು. ಈಗ ಚಿಮಣಿಗಳೇ ಮೂವತ್ತಕ್ಕೆ ಮೇಲಿವೆ. ಊರು ಬೆಳೆಯಿತು ಎನ್ನುತ್ತಾರೆ. ಬೆಳೆದದ್ದು ನಿಜ. ಯಾರ ಮೇಲೆ ಕಾಲಿಟ್ಟು ಬೆಳೆಯಿತು ಎಂದು ಯಾರೂ ಕೇಳುವುದಿಲ್ಲ.

ಗಿರಣಿ ಬಂದ ಮೇಲೂ ದಾರಿ ಇತ್ತು. ಅಂಗಳದ ನಡುವೆಯೇ ಹಾದುಹೋಗುತ್ತಿದ್ದೆವು. ಯಂತ್ರದ ಸದ್ದಿನಲ್ಲೇ ಎಷ್ಟೋ ಪೆಟ್ಟಿಗೆಗಳು ಇಳಿಸುಗಲ್ಲಿನ ಮೇಲೆ ಕೂತು ಎದ್ದು ಹೋದವು. ಎರಡು ವರ್ಷದ ಹಿಂದೆ ಲೊಮಾಕ್ಸ್ ಹೊಸ ನೇಯ್ಗೆ ಮನೆ ಕಟ್ಟಿದ. ಸುತ್ತ ಗೋಡೆ ಎಬ್ಬಿಸಿದ. ಬೆಟ್ಟದ ಕಡೆಗೆ ಎರಡು ಬಾಗಿಲಿನ ಮರದ ಗೇಟು ಇಟ್ಟ. ಹುಲ್ಲುಗಾವಲಿನ ಹಳೆಯ ಗೇಟಿನ ಓಕ್ ಕಂಬ ಗಟ್ಟಿಯಾಗಿದೆ ಎಂದು ಅದನ್ನು ಕೀಳಿಸದೆ ಹೊಸ ಗೇಟನ್ನು ಅದಕ್ಕೇ ತೂಗುಹಾಕಿಸಿದ. ಬೆಳಿಗ್ಗೆ ಗಂಟೆ ಹೊಡೆದಾಗ ಆ ಗೇಟು ನಮಗಾಗಿ ತೆರೆಯುತ್ತದೆ. ಊಟದ ಹೊತ್ತಿಗೆ, ಸಂಜೆಗೆ ಮತ್ತೆ ತೆರೆಯುತ್ತದೆ. ಉಳಿದ ಹೊತ್ತು ಮುಚ್ಚಿರುತ್ತದೆ. ದುಡಿಯಲು ಹೋಗುವಾಗ ಅದು ದಾರಿ. ಸತ್ತು ಹೋಗುವಾಗ ಅಲ್ಲ. ಹೆಣಕ್ಕೆ ಪೇಟೆಯ ಸುತ್ತುದಾರಿ, ಮೂರು ಮೈಲಿ, ಕಲ್ಲಿದ್ದಲಿನ ಗಾಡಿ.

ಇದೆಲ್ಲ ಕಾಯಿದೆ ಪ್ರಕಾರವೇ ಆಯಿತು. ಗೋಡೆ ಕಟ್ಟುವ ಮೊದಲು ಚರ್ಚಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಈ ಕಾಲುದಾರಿ ಅನವಶ್ಯಕ, ಮುಚ್ಚಬೇಕೆಂದಿದ್ದೇವೆ, ತಕರಾರಿದ್ದವರು ನಾಲ್ಕು ವಾರದೊಳಗೆ ಹೇಳಬೇಕು. ಇಬ್ಬರು ಮ್ಯಾಜಿಸ್ಟ್ರೇಟರ ರುಜು. ಅವರಲ್ಲಿ ಒಬ್ಬ ಲೊಮಾಕ್ಸನ ಹೆಂಡತಿಯ ತಮ್ಮ. ಬೆಟ್ಟದ ಸಾಲಿನಲ್ಲಿ ಓದು ಬರುವವರು ಮೂರೋ ನಾಲ್ಕೋ ಜನ. ನಾಲ್ಕು ವಾರ ಕಳೆಯಿತು. ಯಾರೂ ತಕರಾರು ಹೇಳಲಿಲ್ಲ.

ಆ ಕಾಗದದ ಬಗ್ಗೆ ಇನ್ನೂ ಒಂದು ಮಾತಿದೆ. ಅದನ್ನು ಮುಂದೆ ಹೇಳುತ್ತೇನೆ.

ಬುಧವಾರ ಸಂಜೆ ಭಾವ ಎನೋಕ್ ಒಲೆಯ ಮುಂದೆ ಕೂತಿದ್ದ. ಮರ್ಸಿಯ ಗಂಡ. ಒಳ್ಳೆಯ ಮನುಷ್ಯ, ಹೆದರುಪುಕ್ಕಲ. ಲೊಮಾಕ್ಸನ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ. ನಾವಿದ್ದ ಮನೆಯೂ ಲೊಮಾಕ್ಸನದೇ. ಬೆಟ್ಟದ ಸಾಲನ್ನು ಒಂದೊಂದಾಗಿ ಕೊಂಡಿದ್ದ.

“ಗಾಡಿಗೆ ಹೇಳಿಬಿಡ್ಲಾ, ಹೆಪ್ಸಿ?” ಅಂದ.

“ಗಾಡಿ ಬ್ಯಾಡ ಅಂದವಳು ಅಲ್ಲೇ ಮಲಗವ್ಳೆ. ಅವಳನ್ನೇ ಕೇಳು ಭಾವ.”

ಅವನು ಆ ಕಡೆ ನೋಡಲಿಲ್ಲ. “ಮನೆ ಹೋಯ್ತದೆ ಕಣೆ. ಬಾಯ್ಲರ್ ಕೆಲಸಾನೂ ಹೋಯ್ತದೆ. ಗಿರಣೀಲಿ ನಿನ್ನ ಮಗ್ಗಗಳೂ ಹೋಯ್ತವೆ. ಮೂರು ಮೈಲಿ ಸುತ್ತಿದ್ರೆ ಅವಳಿಗೇನು ಕಾಲು ನೋಯ್ತದಾ?”

ಪಕ್ಕದ ಮನೆಯ ಕೆಜಾಯಾ ಬಾಗಿಲಲ್ಲಿ ಪೈಪು ಎಳೆಯುತ್ತಿದ್ದಳು. ಅರವತ್ತು ದಾಟಿದ ಮುದುಕಿ. ಅವಳ ಮನೆ ಒಂದು ಮಾತ್ರ ಇನ್ನೂ ಅವಳದೇ. “ಅವಳಿಗೆ ನೋಯಾಕಿಲ್ಲ ಬುಡು ಎನೋಕ್,” ಅಂದಳು. “ನಾಳೆ ನೀನು ಸತ್ತಾಗ ನಿನ್ನನ್ನ ಹೊರೋರು ನಾವು. ನಮಗೆ ನೋಯ್ತದೆ. ನೀನೋ ಗೂಳಿ ಹಂಗಿದ್ದೀಯ.”

ಭಾವನಿಗೆ ನಗು ಬಂತು. ಹೆಂಡತಿ ಸತ್ತ ಮೇಲೆ ಮೊದಲ ನಗು. ನಕ್ಕು ಅತ್ತ.

ಕೆಜಾಯಾ ತಗ್ಗಿದ ದನಿಯಲ್ಲಿ ಹೇಳಿದಳು. “ಒಂದ್ಸಲ ಹೆಣ ಹೊತ್ಕೊಂಡು ಹೋದ ದಾರೀನ ಯಾವನೂ ಮುಚ್ಚಂಗಿಲ್ಲ. ನಮ್ಮಜ್ಜಿ ಕಾಲದಿಂದ ಬಂದಿರೋದು. ಗೋಡೆ ಎದ್ದ ಮೇಲೆ ಒಂದು ಹೆಣಾನೂ ಹೋಗಿಲ್ಲ. ಒಂದು ಹೋದ್ರೆ ಸಾಕು. ದಾರಿ ಎದ್ದು ಕೂತ್ಕತದೆ.”

ನಮ್ಮ ಬೆಟ್ಟದಲ್ಲಿ ಇದನ್ನು ಎಲ್ಲರೂ ನಂಬುತ್ತಾರೆ. ಇನ್ನೊಂದು ರೂಢಿಯೂ ಇದೆ. ಹಿಮ ಬಿದ್ದು ದಾರಿ ಮುಚ್ಚಿದಾಗ ಹೆಣವನ್ನು ಬೇರೆಯವರ ಸ್ವಂತ ಹೊಲದ ಮೇಲೆ ಒಯ್ಯಬೇಕಾಗುತ್ತದೆ. ಆಗ ಆ ಹೊಲದ ಗೇಟಿನ ಕಂಬಕ್ಕೆ ಒಂದು ಗುಂಡುಸೂಜಿ ಚುಚ್ಚಿ ಹೋಗುತ್ತೇವೆ. ಅದು ಸುಂಕ. ನಿನ್ನ ನೆಲ, ನಿನ್ನ ಅಪ್ಪಣೆ ಪಡೆದು ಹೋದೆವು, ಇದು ನಮ್ಮ ದಾರಿಯಲ್ಲ ಎಂದು ಅರ್ಥ. ಮೇಲಿನ ಹೊಲದವರ ಕಂಬದಲ್ಲಿ ತುಕ್ಕು ಹಿಡಿದ ಸೂಜಿಗಳು ಹತ್ತಾರು ಇವೆ. ನಮ್ಮ ದಾರಿಯ ಓಕ್ ಕಂಬದಲ್ಲಿ ಒಂದೂ ಇರಲಿಲ್ಲ. ನಮ್ಮ ದಾರಿಗೆ ನಾವು ಯಾರಿಗೆ ಸುಂಕ ಕೊಡಬೇಕು?

ಗುರುವಾರ ಹನ್ನೊಂದೂಕಾಲಿಗೆ ಹೊರಟೆವು. ಹೆಂಗಸಿನ ಹೆಣವನ್ನು ಹೆಂಗಸರೇ ಹೊರುವುದು ನಮ್ಮಲ್ಲಿ ಪದ್ಧತಿ. ಮುಂದೆ ನಾನು ಮತ್ತು ಕೆಜಾಯಾ. ಹಿಂದೆ ಮರ್ಸಿಯ ಜೊತೆ ಹಿಂಜುವ ಕೋಣೆಯಲ್ಲಿ ದುಡಿದಿದ್ದ ಇಬ್ಬರು. ಒಂದು ದಿನದ ಕೆಲಸ ತಪ್ಪಿಸಿ ಬಂದಿದ್ದರು. ಅದಕ್ಕೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಭಾವ ಟೊಪ್ಪಿ ಕೈಯಲ್ಲಿ ಹಿಡಿದು ಹಿಂದೆ. ಅವನ ಹಿಂದೆ ಏಳೆಂಟು ಮುದುಕರು. ಅಷ್ಟೇ ಜನ. ಕೈಕಾಲು ಗಟ್ಟಿ ಇದ್ದವರೆಲ್ಲ ಗಿರಣಿಯೊಳಗಿದ್ದರು.

ಪೆಟ್ಟಿಗೆ ಹಗುರವಿತ್ತು. ಕೊನೆಯ ತಿಂಗಳು ಅವಳು ಗಂಜಿ ಬಿಟ್ಟು ಏನೂ ನುಂಗಿರಲಿಲ್ಲ.

ಗೇಟು ಮುಚ್ಚಿತ್ತು. ಕಾವಲಿನ ಜೇಬೆಜ್ ಕಿಂಡಿಯಿಂದ ಮುಖ ಹೊರಹಾಕಿದ. ಗಿರಣಿಯ ಯಂತ್ರದ ಪಟ್ಟಿಗೆ ಸಿಕ್ಕಿ ಒಂದು ತೋಳು ಹೋದವನು. ಆಮೇಲೆ ಗೇಟಿಗೆ ಹಾಕಿದ್ದರು.

“ಯಾರ್ದು?” ಅಂದ. ಗೊತ್ತಿದ್ದೇ ಕೇಳಿದ.

“ಮರ್ಸಿ. ತೆಗಿ ಜೇಬೆಜ್.”

“ಇರೋದೊಂದು ಕೈ ಕಣವ್ವ. ಅದನ್ನೂ ಕಳೀಬ್ಯಾಡಿ. ಸುತ್ಕೊಂಡು ಹೋಗಿ.”

“ಆ ತೋಳು ಮಣ್ಣು ಮಾಡಾಕೆ ಯಾವ ದಾರೀಲಿ ತಗೊಂಡ್ಹೋದ್ರು?” ಅಂದಳು ಕೆಜಾಯಾ. “ನಾನೇ ಅಲ್ವಾ ಬಟ್ಟೇಲಿ ಸುತ್ಕೊಂಡು ಹೋಗಿದ್ದು? ಇದೇ ಗೇಟಿನ ಜಾಗದಾಗೆ ಹಾದು ಹೋದೆ. ಆಗ ಗೋಡೆ ಇತ್ತಾ?”

ಜೇಬೆಜ್ ಮುಖ ಒಳಗೆಳೆದುಕೊಂಡ. ಒಳಗೆ ಯಾರನ್ನೋ ಕೂಗಿದ್ದು ಕೇಳಿಸಿತು. ನಾವು ನಿಂತೆವು. ಪೆಟ್ಟಿಗೆ ಭುಜದ ಮೇಲೆ. ಇಳಿಸುವಂತಿಲ್ಲ. ಇಳಿಸುಗಲ್ಲು ಗೇಟಿನಾಚೆ ಮೂವತ್ತು ಹೆಜ್ಜೆ ದೂರದಲ್ಲಿತ್ತು. ಈಗ ಅದರ ಮೇಲೆ ಹತ್ತಿಯ ಮೂಟೆ ಇಟ್ಟು ಗಾಡಿಗೆ ಏರಿಸುತ್ತಾರೆ.

ಐದು ನಿಮಿಷಕ್ಕೆ ಪಕ್ಕದ ಚಿಕ್ಕ ಬಾಗಿಲು ತೆರೆದು ಲೊಮಾಕ್ಸ್ ತಾನೇ ಹೊರಗೆ ಬಂದ. ಕಪ್ಪು ಕೋಟು. ಹೆಣ ನೋಡಿ ಟೊಪ್ಪಿ ತೆಗೆದ. ಮರ್ಯಾದೆ ಬಲ್ಲವನು.

“ಎನೋಕ್, ಕೇಳಿ ಬಹಳ ಬೇಸರವಾಯಿತು. ಒಳ್ಳೆಯ ಕೆಲಸಗಾರ್ತಿ.”

“ಹೂಂ ಧಣಿ,” ಅಂದ ಭಾವ.

“ದಾರಿ ಮುಚ್ಚಿದೆ. ನಿಮಗೆಲ್ಲ ಗೊತ್ತು. ಆದರೆ ಸತ್ತವಳನ್ನು ಬಾಗಿಲಲ್ಲಿ ನಿಲ್ಲಿಸುವ ಮನುಷ್ಯ ನಾನಲ್ಲ. ಹೋಗಿ. ಗೇಟು ತೆರೆಸುತ್ತೇನೆ.” ಕೋಟಿನ ಮಡಿಕೆಯಿಂದ ಏನನ್ನೋ ಕಿತ್ತು ಎರಡು ಬೆರಳಲ್ಲಿ ಹಿಡಿದ. ಗುಂಡುಸೂಜಿ. “ನಿಮ್ಮ ರೂಢಿಯೇ ಇದೆಯಲ್ಲ. ಕಂಬಕ್ಕೆ ಇದೊಂದು ಚುಚ್ಚಿ ಹೋಗಿ. ಬೇರೆ ಏನೂ ಬೇಡ.”

ಚುಚ್ಚಿದರೆ ದಾರಿ ಅವನದೇ ಎಂದು ನಾವೇ ಒಪ್ಪಿದ ಹಾಗೆ.

ಪೇಟೆಯವನಾಗಿದ್ದರೆ ಅವನಿಗೆ ಇದು ಗೊತ್ತಾಗುತ್ತಿರಲಿಲ್ಲ. ಅವನ ಅಜ್ಜ ನಮ್ಮ ಬೆಟ್ಟದವನು. ಕೈಮಗ್ಗದವನು. ಮೊಮ್ಮಗನಿಗೆ ಎಲ್ಲ ಗೊತ್ತಿತ್ತು.

“ಧಣಿ,” ಅಂದಳು ಕೆಜಾಯಾ, “ನಿಮ್ಮಜ್ಜೀನ ಹೊತ್ತವಳು ನಮ್ಮವ್ವ. ಇದೇ ಕಂಬದ ಪಕ್ಕ ಹಾದು ಹೋದ್ಲು. ಆವಾಗ ಯಾರಿಗೆ ಸೂಜಿ ಕೊಟ್ರಂತೆ?”

ಲೊಮಾಕ್ಸನ ಕಿವಿ ಕೆಂಪಾಯಿತು. ದನಿ ಏರಿಸಲಿಲ್ಲ. ಸೂಜಿಯನ್ನು ನನ್ನ ಕಡೆ ಚಾಚಿದ. “ಹೆಪ್ಜಿಬಾ. ನೀನು ತಿಳಿದವಳು. ಓದು ಬಲ್ಲವಳು. ನೀನೇ ಚುಚ್ಚು.”

“ನನ್ನ ಕೈಗೆ ಬಿಡುವಿಲ್ಲ,” ಅಂದೆ.

“ಎನೋಕ್, ನೀನು ಗಂಡ. ನೀನು ಮಾಡು.” ಭಾವನ ಅಂಗೈ ಬಿಡಿಸಿ ಸೂಜಿ ಇಟ್ಟ. ಭಾವನ ಅಂಗೈ ಬಾಯ್ಲರ್ ಸುಟ್ಟು ಚಕ್ಕಳದಂತಾಗಿತ್ತು. ಅದರ ಮೇಲೆ ಸೂಜಿ ಹೊಳೆಯುತ್ತಿತ್ತು.

“ಹೆಪ್ಸಿ,” ಅಂದ ಭಾವ. “ಒಂದು ಸೂಜಿ ಕಣೆ. ಒಂದು ಸೂಜಿಗೆ ಮನೆ ಕಳ್ಕೊಳ್ಳೋದಾ? ಚುಚ್ಚಿಬಿಡ್ತೀನಿ. ಅವಳು ತನ್ನ ದಾರೀಲೇ ಹೋದಂಗಾಯ್ತದೆ. ಎಲ್ಲಾರ್ಗೂ ಸರಿಹೋಯ್ತದೆ.”

ನನ್ನ ಭುಜ ಸುಡುತ್ತಿತ್ತು. ಹಗುರವಿದ್ದ ಪೆಟ್ಟಿಗೆ ಹಗುರವಾಗಿ ಉಳಿದಿರಲಿಲ್ಲ. ಹಿಂದಿನ ಹೆಂಗಸೊಬ್ಬಳು ಹಲ್ಲು ಕಚ್ಚಿ ಉಸಿರು ಬಿಡುತ್ತಿದ್ದಳು. ಗಿರಣಿಯ ಗೋಪುರದ ಗಡಿಯಾರ ನೋಡಿದೆ. ಹನ್ನೆರಡಕ್ಕೆ ಹದಿನೆಂಟು ನಿಮಿಷ.

ಆಗ ಆ ಮಾತು ಹೇಳಿದೆ.

“ಚರ್ಚಿನ ಬಾಗಿಲಲ್ಲಿ ಕಾಗದ ಅಂಟಿಸಿದ್ರಲ್ಲ, ಅದನ್ನ ಮೊದಲ್ನೇ ಭಾನುವಾರವೇ ನಾನು ಓದಿದ್ದೆ. ಪೂರ್ತಿ ಓದಿದ್ದೆ. ದಾರಿ ಅನವಶ್ಯಕ ಅಂತ ಇತ್ತು. ನಾಲ್ಕು ವಾರ ಅಂತ ಇತ್ತು. ಕೆಜಾಯಾ, ನೀನು ನನ್ನ ಕೇಳಿದೆ, ಏನೇ ಬರ್ದದೆ ಅಂತ. ಏನೋ ಸರ್ಕಾರದ್ದು ಅಂದೆ. ಪಕ್ಕದಲ್ಲಿ ಗಿರಣಿ ಮೇಸ್ತ್ರಿ ನಿಂತಿದ್ದ. ಆ ವಾರವೇ ನನಗೆ ಎರಡು ಮಗ್ಗದ ಬದಲು ನಾಲ್ಕು ಮಗ್ಗ ಕೊಟ್ಟು ಕೂಲಿ ಹೆಚ್ಚಿಸಿದ್ರು. ಹೆದರಿಕೊಂಡು ಸುಮ್ನಿದ್ದೆ. ನಾಲ್ಕು ವಾರಾನೂ ಸುಮ್ನಿದ್ದೆ.”

ಭಾವನ ಕಡೆ ನೋಡಿದೆ.

“ಒಂದ್ಸಲ ಹೂಂ ಅಂದ ಹಾಗಾಯ್ತು. ಇನ್ನೊಂದ್ಸಲ ಆಗಲ್ಲ. ಭಾವ, ನೀನು ಚುಚ್ಚೋದಾದ್ರೆ ಚುಚ್ಚು. ನಿನ್ನ ಹೆಂಡತಿ. ನಾನು ತಡೆಯೋದಿಲ್ಲ. ಆದ್ರೆ ಆ ಸೂಜಿ ಚುಚ್ಚಿದ ಗೇಟಿನೊಳಗೆ ನಾನು ಹೊತ್ಕೊಂಡು ಹೋಗೋದಿಲ್ಲ. ಇಲ್ಲೇ ನಿಂತಿರ್ತೀನಿ.”

ಕೆಜಾಯಾ ನನ್ನ ಕಡೆ ತಿರುಗಿ ನೋಡಲಿಲ್ಲ. ಗೇಟು ನೋಡುತ್ತಲೇ ಅಂದಳು. “ಎರಡು ವರ್ಷ ನಿನ್ನ ಕೈಯ ಟೀ ಕುಡಿದೀನಲ್ಲೇ, ಬೋಸುಡಿ.” ಮತ್ತೆ ಅಂದಳು, “ಭುಜ ಸ್ವಲ್ಪ ಮೇಲೆತ್ತು. ನನ್ನ ಕಡೆ ವಾಲ್ತಾ ಇದೆ.”

ಎತ್ತಿದೆ.

ಲೊಮಾಕ್ಸ್ ಗಡಿಯಾರ ನೋಡಿದ. ನಾನೂ ನೋಡಿದೆ. ಇಬ್ಬರಿಗೂ ಒಂದೇ ಯೋಚನೆ ಬಂದದ್ದು ಆಗಲೇ ಇರಬೇಕು. ಹನ್ನೆರಡಕ್ಕೆ ಗೇಟು ತೆರೆಯಬೇಕು. ಅವನೇ ಬರೆಸಿ ಹಾಕಿದ ನಿಯಮ. ಬೆಟ್ಟದ ಕಡೆಯವರು ಇನ್ನೂರು ಜನ ಊಟಕ್ಕೆ ಹೊರಗೆ ಬರುತ್ತಾರೆ. ಹಿಂಜುವ ಕೋಣೆಯ ಹೆಂಗಸರು ಎಲ್ಲರಿಗಿಂತ ಮೊದಲು ಬರುತ್ತಾರೆ. ಬುಗ್ಗೆಯ ತೊಟ್ಟಿ ಗೇಟಿನ ಹೊರಗಿದೆ. ಬಾಯಿ ಮುಕ್ಕಳಿಸಿ ಗಂಟಲಿನ ಹತ್ತಿ ಉಗಿಯದೆ ಅವರು ಒಂದು ತುಂಡು ರೊಟ್ಟಿ ನುಂಗಲಾರರು.

“ಪೆಟ್ಟಿಗೆ ಇಳಿಸಿ. ಸುಸ್ತಾಗಿದ್ದೀರಿ,” ಅಂದ ಲೊಮಾಕ್ಸ್.

“ನಿಮ್ಮ ನೆಲದಾಗೆ ಇಳಿಸಿ ಗಲೀಜು ಮಾಡಾಕಿಲ್ಲ ಧಣಿ,” ಅಂದಳು ಕೆಜಾಯಾ.

ಹದಿನೆಂಟು ನಿಮಿಷ ಎಷ್ಟು ಉದ್ದ ಎಂದು ಮಗ್ಗದ ಮುಂದೆ ನಿಂತವಳಿಗೆ ಗೊತ್ತು. ಇದು ಅದಕ್ಕಿಂತ ಉದ್ದ. ಬೆವರು ಕಣ್ಣಿಗಿಳಿಯಿತು, ಒರೆಸಲು ಕೈಯಿಲ್ಲ. ಭುಜದ ಮೂಳೆ ಮರಕ್ಕೆ ಸಿಕ್ಕಿ ಮರವೇ ಆಯಿತು. ಒಬ್ಬ ಮುದುಕ ಬಂದು ಕೆಜಾಯಾಳ ಬದಲು ಹೊರುತ್ತೇನೆ ಎಂದ. ಹೆಂಗಸಿನ ಹೆಣ, ಅತ್ತ ಹೋಗು ಎಂದು ಗದರಿದಳು. ಭಾವ ಅಂಗೈಯಲ್ಲಿ ಸೂಜಿ ಹಿಡಿದು ಕಂಬದ ಮುಂದೆ ನಿಂತೇ ಇದ್ದ. ಚುಚ್ಚಲೂ ಇಲ್ಲ, ಬಿಸಾಡಲೂ ಇಲ್ಲ.

ಗಂಟೆ ಹೊಡೆಯಿತು.

ಯಂತ್ರದ ಸದ್ದು ಇಳಿಯಿತು. ಅಂಗಳದಲ್ಲಿ ಮೆಟ್ಟುಗಳ ಸದ್ದು ಎದ್ದಿತು. ಗೇಟಿನ ಹತ್ತಿರ ಬಂತು. ನಿಂತಿತು.

“ತೆರೆಯಬೇಡ ಜೇಬೆಜ್,” ಎಂದು ಲೊಮಾಕ್ಸ್ ಗೋಡೆಯಾಚೆಗೆ ಕೂಗಿದ.

ಒಳಗಿನಿಂದ ಒಂದು ಹೆಣ್ಣು ದನಿ. “ತೆಗಿಯೋ. ಗಂಟಲು ಕಟ್ಟದೆ.” ಇನ್ನೊಂದು ದನಿ, “ಏನಾಯ್ತೋ ಒಂಟಿಗೈ, ಬೀಗದ ಕೈ ನುಂಗಿಬಿಟ್ಯಾ?” ನಗು. ಅದರ ಹಿಂದೆಯೇ ಕೆಮ್ಮು, ಇಪ್ಪತ್ತು ಮೂವತ್ತು ಜನರ ಕೆಮ್ಮು. ಹಿಂದಿನವರು ತಳ್ಳುತ್ತಿದ್ದರು. ಗೇಟಿನ ಹಲಗೆ ಕಿರುಗುಟ್ಟಿತು.

ಅಗಳಿ ಸರಿದ ಸದ್ದಾಯಿತು. ಜೇಬೆಜ್ ತೆಗೆದನೋ, ಒತ್ತಡಕ್ಕೆ ತಾನೇ ಸರಿಯಿತೋ, ಇಂದಿಗೂ ಅವನು ಹೇಳುವುದಿಲ್ಲ.

ಹಿಂಜುವ ಕೋಣೆಯ ಹೆಂಗಸರು ಹೊರಬಂದರು. ತಲೆ, ಹುಬ್ಬು, ರೆಪ್ಪೆ ಎಲ್ಲ ಬಿಳಿ. ನಗುತ್ತ ಬಂದವರು ಪೆಟ್ಟಿಗೆ ಕಂಡು ನಿಂತುಬಿಟ್ಟರು. ಯಾರದು ಎಂದು ಯಾರೂ ಕೇಳಬೇಕಾಗಲಿಲ್ಲ. ಮೂರು ತಿಂಗಳಿಂದ ಅವಳ ಜಾಗದಲ್ಲಿ ಬೇರೆಯವಳು ನಿಲ್ಲುತ್ತಿದ್ದಳು.

ಯಾರೂ ತೊಟ್ಟಿಯ ಕಡೆ ಹೋಗಲಿಲ್ಲ. ಎರಡು ಬಾಗಿಲಿಗೂ ಬೆನ್ನು ಕೊಟ್ಟು ಒತ್ತಿ ನಿಂತರು. ನಡುವೆ ಪೆಟ್ಟಿಗೆ ಹಿಡಿಸುವಷ್ಟು ಜಾಗ ಬಿಟ್ಟರು.

“ನಡಿ,” ಅಂದಳು ಕೆಜಾಯಾ.

ಒಂದು ಹೆಜ್ಜೆ ಇಟ್ಟೆ.

ಆಗ ಲೊಮಾಕ್ಸ್ ಭಾವನ ಅಂಗೈಯಿಂದ ಸೂಜಿ ಎತ್ತಿಕೊಂಡ. ಕಂಬಕ್ಕೆ ತಾನೇ ಚುಚ್ಚಿದ. ಹೆಬ್ಬೆರಳಿನಿಂದ ಒತ್ತಿ ಅರ್ಧ ಇಳಿಸಿದ. “ಸರಿ. ಇವರ ಪರವಾಗಿ ನಾನೇ ಕೊಟ್ಟಿದ್ದೇನೆ. ನನ್ನ ಅಪ್ಪಣೆಯ ಮೇಲೆ ಹೋಗುತ್ತಿದ್ದಾರೆ. ಎಲ್ಲರೂ ನೋಡಿದ್ದೀರಿ.”

ನಾನು ನಿಂತೆ. ನನ್ನ ಎರಡು ಕೈಯೂ ಪೆಟ್ಟಿಗೆಯ ಅಡಿಯಲ್ಲಿ. ಇನ್ನೂರು ಜನ ಕಂಬ ನೋಡುತ್ತಿದ್ದರು. ಯಾರೂ ಮುಂದೆ ಬರಲಿಲ್ಲ. ಬಂದವರ ಮನೆ ಹೋಗುತ್ತದೆ.

ಭಾವ ಟೊಪ್ಪಿಯನ್ನು ತಲೆಗಿಟ್ಟುಕೊಂಡ. ಕೈ ಖಾಲಿ ಬೇಕಿತ್ತು, ಅದಕ್ಕೆ. ಕಂಬದ ಹತ್ತಿರ ಹೋದ. ಅವನ ಬೆರಳು ದಪ್ಪ, ಉಗುರು ಸವೆದುಹೋಗಿವೆ. ಸೂಜಿಯ ತಲೆ ಹಿಡಿತಕ್ಕೆ ಸಿಗಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಬಗ್ಗಿ ಹಲ್ಲಿನಲ್ಲಿ ಕಚ್ಚಿ ಕಿತ್ತ. ತುಟಿಯಿಂದ ರಕ್ತ ಬಂತು.

“ಧಣಿ,” ಅಂದ. “ಹದಿನೇಳು ವರ್ಷ ಅವಳು ಕೊಟ್ಟವ್ಳೆ. ಅವಳ ಪರವಾಗಿ ನೀವು ಕೊಡಬ್ಯಾಡಿ.”

ಸೂಜಿಯನ್ನು ತಂದು ನನ್ನ ಶಾಲಿನ ಅಂಚಿಗೆ ಚುಚ್ಚಿದ. ಅಂಗಳದೊಳಗೆ ಹೋದೆವು.

ಇಳಿಸುಗಲ್ಲಿನ ಮೇಲಿದ್ದ ಹತ್ತಿಯ ಮೂಟೆಯನ್ನು ನಾಲ್ಕು ಜನ ಕೆಳಗೆ ಉರುಳಿಸಿದರು. ಪೆಟ್ಟಿಗೆ ಇಳಿಸಿದೆವು. ನನ್ನ ಭುಜ ಮೇಲೇಳಲಿಲ್ಲ. ಹಿಂಜುವ ಕೋಣೆಯ ಹೆಂಗಸರು ತಾವೇ ಮುಂದೆ ಬಂದು ಅಲ್ಲಿಂದ ಮುಂದಕ್ಕೆ ಹೊತ್ತರು. ಬಾಯಿ ಮುಕ್ಕಳಿಸದೆ, ಊಟ ಬಿಟ್ಟು ಹೊತ್ತರು. ಆಚೆ ಬದಿಯ ಗಾಡಿಗಳ ಗೇಟಿನಿಂದ ಹೊರಬಿದ್ದು ಹಳ್ಳ ದಾಟಿದೆವು. ಅಂದು ಹಳ್ಳ ಹಳದಿ ಇತ್ತು. ಅವ್ವನ ಪಕ್ಕದಲ್ಲಿ ಅಕ್ಕನನ್ನು ಇಟ್ಟೆವು.

ಶನಿವಾರ ನನ್ನ ಮಗ್ಗಗಳು ಹೋದವು. ಭಾವನ ಕೆಲಸ ಹೋಯಿತು. ಮುಂದಿನ ವಾರ ಮನೆ ಹೋಯಿತು. ನಮ್ಮ ಜೊತೆ ಬೆಟ್ಟದಿಂದ ಹೆಣ ಹೊತ್ತ ಆ ಇಬ್ಬರು ಹೆಂಗಸರನ್ನೂ ಕೆಲಸದಿಂದ ತೆಗೆದರು. ಕೆಜಾಯಾ ತನ್ನ ಮನೆಯ ಅಟ್ಟ ನಮಗೆ ಬಿಟ್ಟುಕೊಟ್ಟಳು. “ಕಾಗದದ ವಿಚಾರ ನಾನು ಮರೆತಿಲ್ಲ,” ಎಂದು ವಾರಕ್ಕೊಮ್ಮೆ ಹೇಳುತ್ತಾಳೆ. ಹೇಳಿ ಗಂಜಿ ಬಡಿಸುತ್ತಾಳೆ. ಭಾವ ಕಲ್ಲುಗಣಿಗೆ ಹೋಗುತ್ತಾನೆ. ನಾನು ಪೇಟೆಯವರ ಬಟ್ಟೆ ಒಗೆಯುತ್ತೇನೆ.

ಕಾಯಿದೆಯಲ್ಲಿ ಹಾಗೇನೂ ಇಲ್ಲವಂತೆ. ಪಾದ್ರಿ ವಿಚಾರಿಸಿ ಬಂದು ಹೇಳಿದ. ಹೆಣ ಹೋದ ಮಾತ್ರಕ್ಕೆ ದಾರಿ ಆಗುವುದಿಲ್ಲ, ಅದು ಹಳ್ಳಿಗರ ತಪ್ಪು ತಿಳಿವಳಿಕೆ, ವಕೀಲರು ನಕ್ಕರು ಎಂದ. ಇರಬಹುದು. ಹಾಗಾದರೆ ಅಷ್ಟು ಓದಿದ ಧಣಿ ಸೂಜಿ ಹಿಡಿದುಕೊಂಡು ಯಾಕೆ ಓಡಿ ಬಂದ ಎಂದು ಕೇಳಿದೆ.

ಗೋಡೆ ಇದೆ. ಗೇಟು ಇದೆ. ಕಾಗದದಲ್ಲಿ ದಾರಿ ಇಲ್ಲ. ಆದರೆ ಬೆಟ್ಟದ ಸಾಲಿನಲ್ಲಿ ಯಾರು ಸತ್ತರೂ ಈಗ ಹನ್ನೆರಡಕ್ಕೆ ಸರಿಯಾಗಿ ಪೆಟ್ಟಿಗೆ ಗೇಟಿನ ಮುಂದೆ ಬರುತ್ತದೆ. ಗಂಟೆ ಹೊಡೆಯುತ್ತದೆ. ಗೇಟು ತೆರೆಯುತ್ತದೆ. ಇಳಿಸುಗಲ್ಲಿನ ಮೇಲಿನ ಮೂಟೆಯನ್ನು ಯಾರೋ ಮೊದಲೇ ಕೆಳಗಿಳಿಸಿರುತ್ತಾರೆ. ಇದುವರೆಗೆ ಏಳು ಹೋದವು. ಆ ಹೊತ್ತಿಗೆ ಲೊಮಾಕ್ಸ್ ಅಂಗಳಕ್ಕೆ ಬರುವುದಿಲ್ಲ.

ಹೊರುವ ಸರದಿ ನನ್ನದಿದ್ದಾಗ ಒಂದು ಕ್ಷಣ ಕಂಬ ನೋಡುತ್ತೇನೆ. ಓಕ್ ಮರದಲ್ಲಿ ಒಂದೇ ಒಂದು ತೂತಿದೆ, ಸುತ್ತ ಹಲ್ಲಿನ ಗುರುತಿದೆ. ಅದರಲ್ಲಿ ಸೂಜಿ ಇಲ್ಲ.